ಎಲ್ಲಾ ಕೋಡ್ ನಾನೇ ನೋಡಬೇಕು ಅನ್ನುತ್ತಿದ್ದವರು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಕೌನ್ಸೆಲಿಂಗ್ ಕೋಣೆಯಲ್ಲಿ ಅವರು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತರು. ಮುಕ್ಕಾಲು ಗಂಟೆಯಲ್ಲಿ ಅದು ಹನ್ನೊಂದು ಸಲ ಗುಂಯ್ ಎಂದಿತು. ಪ್ರತಿ ಸಲವೂ ಬಲಗೈ ತಾನಾಗಿಯೇ ಮುಂದೆ ಬಂತು, ಮತ್ತೆ ತೊಡೆಯ ಮೇಲೆ ಹೋಯಿತು.

ವಯಸ್ಸು 34. ಬೆಂಗಳೂರಿನ ಕಂಪನಿಯೊಂದರಲ್ಲಿ ಟೀಮ್ ಲೀಡ್. ಕೆಲಸ ಮಾತ್ರ ಬಳ್ಳಾರಿಯ ಮನೆಯ ಮೇಲಿನ ಕೋಣೆಯಿಂದ. ಕೆಳಗೆ ಅಪ್ಪನ ಜೀನ್ಸ್ ಹೊಲಿಗೆ ಘಟಕ. ಹೆಂಡತಿಯೇ ಒತ್ತಾಯ ಮಾಡಿ ಕರೆತಂದಿದ್ದರು. "ಮೂರು ತಿಂಗಳಾಯ್ತು ಮೇಡಂ, ರಾತ್ರಿ ಎರಡಕ್ಕೆ ಎದ್ದು ಲ್ಯಾಪ್‌ಟಾಪ್ ತೆಗೀತಾರೆ." ಎದೆ ಡವಡವ ಅನ್ನುತ್ತೆ ಎಂದಿದ್ದಕ್ಕೆ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಇಸಿಜಿ ಸರಿ ಇತ್ತು.

ಪ್ರಾಜೆಕ್ಟ್ ತಡವಾಗಿತ್ತು. ಎಂಟು ಜನರ ಟೀಮಿಗೆ ಕಂಪನಿ ಇನ್ನೂ ಆರು ಜನರನ್ನು ಕೊಟ್ಟಿತು. ಕೆಲಸ ಮತ್ತಷ್ಟು ಹಿಂದೆ ಬಿತ್ತು. ತಮ್ಮ ಕೈಲಾಗದ್ದಕ್ಕೇ ಹೀಗಾಯಿತು ಎಂದು ಅವರು ನಂಬಿಬಿಟ್ಟಿದ್ದರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಹೊಸಬರಿಗೆ ಹಳಬರೇ ಕಲಿಸಬೇಕು. ಮಾತುಕತೆಯ ಜೋಡಿಗಳೂ ಹೆಚ್ಚುತ್ತವೆ. ಎಂಟು ಜನರಿಗೆ 28, ಹದಿನಾಲ್ಕು ಜನರಿಗೆ 91. ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯಲು ಹೇಳಿದೆ. ನಲವತ್ತು ದಾಟುವಾಗ ಪೆನ್ ಕೆಳಗಿಟ್ಟರು. "ಇದನ್ನೆಲ್ಲಾ ನಾನೊಬ್ನೇ ಹಿಡ್ಕೊಂಡಿದ್ನಾ?"

ಹೌದು. ಹದಿನಾಲ್ಕು ಜನರ ಕೋಡನ್ನೂ ಅವರೊಬ್ಬರೇ ನೋಡಿ ಒಪ್ಪಬೇಕಿತ್ತು. ಒಂದು ರಾತ್ರಿ ಎರಡು ಸಾವಿರ ಸಾಲಿನ ಬದಲಾವಣೆಯನ್ನು ನಿದ್ದೆಗಣ್ಣಲ್ಲಿ ಒಪ್ಪಿಬಿಟ್ಟರು. ಬೆಳಿಗ್ಗೆ ಗ್ರಾಹಕರಿಗೆ ತಪ್ಪು ಬಿಲ್ ಹೋಗಿತ್ತು. ಬರೆದ ಹೊಸ ಹುಡುಗಿಯನ್ನು ಮೀಟಿಂಗಿನಲ್ಲಿ ಎಲ್ಲರೆದುರು ಬೈದರು. "ತಪ್ಪು ನಂದೂ ಅಲ್ವಾ ಮೇಡಂ" ಎಂದು ಇಲ್ಲಿ ಅತ್ತರು.

ನಾನು ಅಪ್ಪನ ಬಗ್ಗೆ ಕೇಳಿದೆ. ಪ್ರತಿ ಪ್ಯಾಂಟನ್ನೂ ಅವರೇ ನೋಡ್ತಾರಾ?

"ಎಲ್ಲಿ ಆಗುತ್ತೆ! ಕಟಿಂಗ್ ಒಬ್ಬರದು, ಜಿಪ್ ಒಬ್ಬರದು, ಕಾಜಾ ಇನ್ನೊಬ್ಬರದು. ಕೈ ಬದಲಾಗೋ ಕಡೆ ಚೆಕ್ ಆಗುತ್ತೆ. ವಾಷಿಂಗಿಗೆ ಹೋದಮೇಲೆ ತಪ್ಪು ಸಿಕ್ಕರೆ..."

ಮಾತು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಉದಾಹರಣೆ ಕೊಟ್ಟರು. ಅಲ್ಲಿ ಒಂದೊಂದು ಭಾಗಕ್ಕೂ ಅದನ್ನು ನೋಡಿಕೊಳ್ಳುವ ಮೇಂಟೇನರ್‌ಗಳಿದ್ದಾರೆ, ಬದಲಾವಣೆ ಅವರನ್ನು ದಾಟಿಯೇ ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಹತ್ತಿರ ಹೋಗುವುದು. ಅವರಿಗೆ ಗೊತ್ತಿದ್ದದ್ದೇ. ಭಯ ಮಾತ್ರ ಬಿಟ್ಟಿರಲಿಲ್ಲ.

ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಆದರೆ ಅದರಿಂದ ಸರದಿಯಲ್ಲಿರುವ ಕೋಡ್ ಕರಗುವುದಿಲ್ಲ. ಆದ್ದರಿಂದ ಮ್ಯಾನೇಜರ್ ಜತೆ ಏನು ಮಾತಾಡಬೇಕೆಂದು ಇಲ್ಲೇ ಕೂತು ಬರೆದೆವು. ಕೋಡಿನ ಪ್ರತಿ ಭಾಗಕ್ಕೂ ಇಬ್ಬರು ಹೊಣೆಗಾರರು. ದೊಡ್ಡ ಬದಲಾವಣೆ ಬಂದರೆ ತುಂಡು ಮಾಡಿ ತರಲು ವಾಪಸ್. ಟೆಸ್ಟ್ ಪಾಸಾಗದೆ ಯಾವುದೂ ಒಳಗೆ ಬರುವಂತಿಲ್ಲ. ರಾತ್ರಿ ಕರೆಗೆ ವಾರಕ್ಕೊಬ್ಬರ ಪಾಳಿ. ಮನೆಯಲ್ಲಿ, ರಾತ್ರಿ ಹತ್ತರ ಮೇಲೆ ಮೊಬೈಲ್ ನಡುಮನೆಯಲ್ಲಿ. ತೀರಾ ಕಷ್ಟವಾದ ರಾತ್ರಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಬರೆದುಕೊಟ್ಟೆ. ಎಲ್ಲಕ್ಕಿಂತ ಕಷ್ಟದ್ದು ಕ್ಷಮೆ. ಬೈದದ್ದು ಮೀಟಿಂಗಿನಲ್ಲಿ, ಹಾಗಾಗಿ ಕ್ಷಮೆಯೂ ಮೀಟಿಂಗಿನಲ್ಲೇ ಕೇಳಬೇಕು ಎಂದೆ. ಒಂದು ವಾರ ಬೇಡವೆಂದರು. ಆಮೇಲೆ ಕೇಳಿದರು.

ಪಾಳಿಗೆ ಮ್ಯಾನೇಜರ್ ಇನ್ನೂ ಪೂರ್ತಿ ಒಪ್ಪಿಲ್ಲ. ರಿಲೀಸ್ ಇರುವ ರಾತ್ರಿ ಮೊಬೈಲ್ ಇನ್ನೂ ದಿಂಬಿನ ಕೆಳಗೇ. ಉಳಿದ ದಿನ ಐದರವರೆಗೆ ನಿದ್ದೆ ಬರುತ್ತಿದೆ. ಬಿಲ್ಲಿಂಗ್ ಭಾಗದ ಇಬ್ಬರು ಹೊಣೆಗಾರರಲ್ಲಿ ಈಗ ಆ ಹುಡುಗಿ ಒಬ್ಬಳು.