ಅಂಕಪಟ್ಟಿ ಮೊದಲು, ದಂಡ ಆಮೇಲೆ

ಪ್ರಶ್ನೆ: ಮಗನಿಗೆ 17 ವರ್ಷ. ಮಲ್ಪೆ ಬೀಚಿನಲ್ಲಿ ಗೆಳೆಯರ ಜೊತೆ ಬಿಯರ್ ಕುಡಿದು ಗಲಾಟೆ ಮಾಡಿದನೆಂದು ಕೇಸಾಗಿದೆ. ಹೆದರಿಕೊಂಡು ಪೊಲೀಸರ ಹತ್ತಿರ ವಯಸ್ಸು 19 ಅಂದುಬಿಟ್ಟಿದ್ದಾನೆ. ಕೋರ್ಟಿನಲ್ಲಿ ದಂಡ ಕಟ್ಟಿದರೆ ಮುಗಿಯಿತು ಅನ್ನುತ್ತಾರೆ. ಕಟ್ಟಿಬಿಡಲೇ?
– ಓರ್ವ ತಾಯಿ, ಉಡುಪಿ

ಉತ್ತರ: ಕಟ್ಟಬೇಡಿ ಅಮ್ಮ. ಕುಡಿದು ಸಾರ್ವಜನಿಕವಾಗಿ ಅಸಭ್ಯವಾಗಿ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಪ್ರಕಾರ ಹೆಚ್ಚೆಂದರೆ 24 ಗಂಟೆ ಸಜೆ, 1,000 ರೂ. ದಂಡ ಇಲ್ಲವೇ ಸಮುದಾಯ ಸೇವೆ. ಮೊತ್ತ ಸಣ್ಣದು. ಆದರೆ ತಪ್ಪೊಪ್ಪಿ ಕಟ್ಟಿದರೆ ದಾಖಲೆಯಲ್ಲಿ ಅದು ಶಿಕ್ಷೆಯೇ. ನಾಳೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ‘ಶಿಕ್ಷೆಯಾಗಿದೆಯೇ’ ಎಂಬ ಕಾಲಂ ಅವನೆದುರು ನಿಲ್ಲುತ್ತದೆ.

18 ತುಂಬದವನ ಕೇಸು ಸೇರಬೇಕಾದದ್ದು ಬಾಲನ್ಯಾಯ ಮಂಡಳಿಗೆ. ಆ 19 ಎಂಬ ಅಂಕಿಯನ್ನು ಮೊದಲು ತಿದ್ದಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರದ ಪ್ರತಿ ಇಟ್ಟು ಠಾಣೆಗೆ ಅರ್ಜಿ ಕೊಡಿ, ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಇವು ಇಲ್ಲದಿದ್ದರೆ ನಗರಸಭೆ ಅಥವಾ ಪಂಚಾಯತಿನ ಜನನ ಪತ್ರ. ಬಹಳ ಮಂದಿ ಆಧಾರ್ ಹಿಡಿದುಕೊಂಡು ಹೋಗುತ್ತಾರೆ; ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪಟ್ಟಿಯಲ್ಲಿ ಅದಿಲ್ಲ. ಕೇಸು ಆಗಲೇ ಮ್ಯಾಜಿಸ್ಟ್ರೇಟರ ಮುಂದೆ ಹೋಗಿದ್ದರೂ ಗಾಬರಿ ಬೇಡ, ಅಪ್ರಾಪ್ತ ಎಂಬ ವಾದವನ್ನು ಯಾವ ಹಂತದಲ್ಲೂ ಎತ್ತಬಹುದು.

ಜೊತೆಗಿದ್ದ ಗೆಳೆಯರ ವಯಸ್ಸನ್ನೂ ಕೇಳಿಕೊಳ್ಳಿ. ಇಂಥ ಸಣ್ಣ ಅಪರಾಧಕ್ಕೆ ಮಕ್ಕಳ ಮೇಲೆ ಎಫ್‌ಐಆರ್ ಹಾಕುವಂತಿಲ್ಲ, ಠಾಣಾ ಡೈರಿಯಲ್ಲಿ ಬರೆದುಕೊಂಡು ಮಂಡಳಿಗೆ ತಿಳಿಸಬೇಕು. ವಯಸ್ಕರೊಂದಿಗೆ ಸೇರಿ ಮಾಡಿದ್ದರೆ ಮಾತ್ರ ಈ ರಕ್ಷಣೆ ತಪ್ಪುತ್ತದೆ. ಹಾಗೆಯೇ, ಮಗುವಿಗೆ ಮದ್ಯ ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಇದೆ. ಬಾಟಲಿ ತಂದುಕೊಟ್ಟವರು ಯಾರೆಂದು ಮಗ ಮುಚ್ಚಿಡದಿರಲಿ.

ವಕೀಲರ ಫೀಸಿನ ಚಿಂತೆ ಬೇಡ. ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ. 15100ಕ್ಕೆ ಕರೆ ಮಾಡಿ.

ಪ್ರಶ್ನೆ: ನನಗೆ 20. ಪಂಪ್‌ವೆಲ್ ಬಳಿ ಸ್ಕೂಟರ್ ತಡೆದು ಊದಿಸಿದರು, 38 ತೋರಿಸಿತು. 21 ಆಗಿಲ್ಲವೆಂದು ಇನ್ನೊಂದು ಕೇಸೂ ಬೀಳುತ್ತದೆಯೇ?
– ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: 21 ತುಂಬದವರಿಗೆ ಮದ್ಯ ಮಾರಬಾರದೆಂಬ ನಿಯಮ ಮಾರುವ ಲೈಸೆನ್ಸ್‌ದಾರನಿಗೆ ಹಾಕಿದ ಷರತ್ತು. ನಿಮ್ಮ ಮೇಲಿರುವುದು ಮೋಟಾರು ವಾಹನ ಕಾಯ್ದೆಯ 185: ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000 ರೂ. ದಂಡ, ಅಥವಾ ಎರಡೂ.

ಯಂತ್ರದ ಚೀಟಿ ನೋಡಿ. ಹೆಸರು, ಸಮಯ, ಯಂತ್ರದ ನಂಬರು ಸರಿಯಿವೆಯೇ? ಯಂತ್ರವನ್ನು ಕೊನೆಯ ಬಾರಿ ಪರೀಕ್ಷಿಸಿದ ದಾಖಲೆಯನ್ನು ವಕೀಲರ ಮೂಲಕ ಕೇಳಿಸಿ. ಆಯುರ್ವೇದದ ಅರಿಷ್ಟ ಕುಡಿದ ಅಥವಾ ಮೌತ್‌ವಾಶ್ ಹಾಕಿದ ಕೂಡಲೇ ಊದಿದರೆ ಬಾಯಲ್ಲಿ ಉಳಿದ ಮದ್ಯಸಾರವೇ ಅಂಕಿ ಏರಿಸುತ್ತದೆ. 15 ನಿಮಿಷ ಬಿಟ್ಟು ಮತ್ತೆ ಊದಿದರೆ ಅದು ಇಳಿಯುತ್ತದೆ. ಬಂಧಿಸಿದ್ದರೆ 2 ಗಂಟೆಯೊಳಗೆ ವೈದ್ಯರ ತಪಾಸಣೆ ಆಗಬೇಕಿತ್ತು. ಚೀಟಿ, ದಾಖಲೆ ಎಲ್ಲ ಸರಿಯಿದ್ದರೆ ವಿಚಾರಣೆ ಎಳೆಯಬೇಡಿ. ಮೊದಲ ಸಲವೆಂದೂ ವಿದ್ಯಾರ್ಥಿಯೆಂದೂ ಹೇಳಿಕೊಂಡು ದಂಡವನ್ನಷ್ಟೇ ವಿಧಿಸುವಂತೆ ಕೇಳಿ. ಲೈಸೆನ್ಸ್ ಅಮಾನತಿನ ನೋಟಿಸ್ ಬಂದರೆ ಅದಕ್ಕೆ ಬೇರೆಯಾಗಿ, ಲಿಖಿತವಾಗಿ ಉತ್ತರ ಕೊಡಬೇಕು.