ಕ್ಯಾನ್ವಾಸ್ ಮೇಲೆ ಬಹುಕಾಲ ಉಳಿಯುವ ಗೆರೆಗೆ ಯಾವ ಪೆನ್ನು ಒಳ್ಳೆಯದು?

ಪರ್ಮನೆಂಟ್ ಮಾರ್ಕರ್‌ಗಳ ಒಂದು ಸೆಟ್ ಕೊಂಡಿದ್ದೀರಿ, ಅದರಲ್ಲೇ ಕ್ಯಾನ್ವಾಸ್ ಚಿತ್ರ ಬಿಡಿಸಿದರೆ ಬಾಳಿಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ನಾನೂ ಹಾಗೆಯೇ ಬಿಡಿಸಿ, ಕಿಟಕಿಯ ಎದುರು ಗೋಡೆಗೆ ತೂಗುಹಾಕಿದ್ದೆ. ಎರಡು ವರ್ಷದಲ್ಲಿ ಕಪ್ಪು ಗೆರೆಗಳೆಲ್ಲ ಚಹಾ ಚೆಲ್ಲಿದ ಕಲೆಯಂತಾದವು.

‘ಪರ್ಮನೆಂಟ್’ ಎಂಬ ಭರವಸೆ ನೀರಿಗೆ ಮಾತ್ರ, ಬೆಳಕಿಗಲ್ಲ. ಅಂಥ ಬಹುಪಾಲು ಮಾರ್ಕರ್‌ಗಳಲ್ಲಿರುವುದು ಆಲ್ಕೊಹಾಲ್‌ನಲ್ಲಿ ಕರಗಿಸಿದ ಡೈ. ಒದ್ದೆ ಬಟ್ಟೆಗೆ ಅದು ಜಗ್ಗುವುದಿಲ್ಲ, ಬಿಸಿಲಿಗೆ ಸೋಲುತ್ತದೆ. ಪಿಗ್ಮೆಂಟ್ ಎಂದರೆ ಕರಗದ ಬಣ್ಣದ ಪುಡಿ. ಸಾಮಾನ್ಯವಾಗಿ ಹೆಚ್ಚು ಕಾಲ ತಡೆಯುತ್ತದೆ. ಹಾಗೆಂದು ಎಲ್ಲ ಪಿಗ್ಮೆಂಟನ್ನೂ ನಂಬುವಂತಿಲ್ಲ. ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಬಿಡಿಸಿದ ತನ್ನ ಮಲಗುವ ಕೋಣೆಯ ಗೋಡೆಗಳು ಮೊದಲು ನೇರಳೆಯಾಗಿದ್ದವು. ಅದರಲ್ಲಿದ್ದ ಕೆಂಪು ಮಾಸಿ, ಈಗ ನಮಗೆ ಕಾಣುವುದು ನೀಲಿ. ಆದ್ದರಿಂದ ಲೇಬಲ್ ಮೇಲೆ ‘ಪಿಗ್ಮೆಂಟ್’ ಮತ್ತು ‘ಲೈಟ್‌ಫಾಸ್ಟ್’ (ಬೆಳಕಿಗೆ ಬೇಗ ಮಾಸದ್ದು) ಎರಡೂ ಇವೆಯೇ ನೋಡಿ. ಬಣ್ಣ ಬೆಳಕನ್ನು ಎಷ್ಟು ತಡೆಯುತ್ತದೆಂದು ಹೇಳುವ ಎಎಸ್‌ಟಿಎಂ ದರ್ಜೆ ಕೊಟ್ಟಿದ್ದರೆ 1 ಅಥವಾ 2 ಇರಲಿ. ಕಪ್ಪಿಗೆ ಪಿಬಿಕೆ 7 ಎಂಬ ಸಂಕೇತದ ಪಿಗ್ಮೆಂಟ್, ಅಂದರೆ ಕಾರ್ಬನ್ ಕಪ್ಪು, ಕಣ್ಣುಮುಚ್ಚಿ ಕೊಳ್ಳಬಹುದು.

ನನ್ನ ಆಯ್ಕೆ ಅಕ್ರಿಲಿಕ್ ಪೇಂಟ್ ಮಾರ್ಕರ್. ಅದರಲ್ಲಿರುವುದು ಬಣ್ಣವೇ, ಕ್ಯಾನ್ವಾಸ್‌ಗೆ ತಳಪದರವಾಗಿ ಬಳಿದಿರುವ ಅಕ್ರಿಲಿಕ್ ಜೆಸ್ಸೊ ಜೊತೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ತೊಂದರೆಯೆಂದರೆ ಮೊನೆ. ಕ್ಯಾನ್ವಾಸ್‌ನ ನೇಯ್ಗೆ ಅರದಂತೆ ಕೆಲಸ ಮಾಡಿ ಮೊನೆಯನ್ನು ಎಳೆಎಳೆಯಾಗಿ ಬಿಡಿಸಿಬಿಡುತ್ತದೆ. ಬದಲಿ ಮೊನೆ ಸಿಗುವ ಮಾರ್ಕರನ್ನೇ ಕೊಳ್ಳಿ. ಇನ್ನೆರಡು ಪದರ ಜೆಸ್ಸೊ ಬಳಿದು, ಒಣಗಿದ ಮೇಲೆ ನಯವಾದ ಮರಳು ಕಾಗದದಿಂದ ಉಜ್ಜಿದರೆ ಮೊನೆಯೂ ಉಳಿಯುತ್ತದೆ, ಗೆರೆಯೂ ನೆಟ್ಟಗೆ ಬರುತ್ತದೆ. ತೆಳು ಮೊನೆಯ ಫೈನ್‌ಲೈನರ್‌ಗಳ ಶಾಯಿ ಒಳ್ಳೆಯದೇ, ಆದರೆ ಒರಟು ಕ್ಯಾನ್ವಾಸ್ ಮೇಲೆ ಅವು ಬೇಗ ಸಾಯುತ್ತವೆ.

ಮೇಲೆ ತೈಲವರ್ಣ ಹಚ್ಚುವುದಿದ್ದರೆ ಕಥೆ ಬೇರೆ. ಮಾರ್ಕರ್‌ನ ಡೈ ನಿಧಾನವಾಗಿ ಬಣ್ಣದ ಪದರ ತೂರಿ ಮೇಲೆ ಬರಬಲ್ಲದು. ದಪ್ಪ ಪೆನ್ಸಿಲ್ ಗೆರೆಯೂ ದಶಕಗಳ ನಂತರ ಇಣುಕಬಹುದು, ತೈಲವರ್ಣ ವಯಸ್ಸಾದಂತೆ ಪಾರದರ್ಶಕವಾಗುತ್ತದೆ. ಅಲ್ಲಿ ತೆಳುವಾದ ಇದ್ದಿಲು ಕಡ್ಡಿಯಿಂದ ಗುರುತು ಹಾಕಿ, ಪುಡಿಯನ್ನು ಬಟ್ಟೆಯಿಂದ ಕೊಡವಿಬಿಡಿ. ಆಯಿಲ್ ಪೇಸ್ಟಲ್ ಎಂದೂ ಪೂರ್ತಿ ಒಣಗುವುದಿಲ್ಲ. ಗಾಜು ಹಾಕಿಸುವ ಮನಸ್ಸಿಲ್ಲದಿದ್ದರೆ ಬೇಡ.

ವಾರ್ನಿಷ್ ಹೊಡೆಯುವ ಮೊದಲು ಒಂದು ತುಂಡಿನ ಮೇಲೆ ಪರೀಕ್ಷಿಸಿ. ಆಲ್ಕೊಹಾಲ್ ಶಾಯಿಯ ಗೆರೆ ಸ್ಪ್ರೇ ತಾಗಿದೊಡನೆ ಹರಡಿ, ಮುಗಿದ ಚಿತ್ರ ಕೆಟ್ಟದ್ದನ್ನು ಕಂಡಿದ್ದೇನೆ. ಅದೇ ರೀತಿಯ ಇನ್ನೊಂದು ತುಂಡಿನ ಮೇಲೆ ನಿಮ್ಮ ಎಲ್ಲ ಮಾರ್ಕರ್‌ಗಳಿಂದ ಗೆರೆ ಎಳೆದು, ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಮೂರು ತಿಂಗಳು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಸೋತ ಮಾರ್ಕರ್‌ಗಳನ್ನು ಎಸೆಯಬೇಡಿ, ಸ್ಕೆಚ್ ಪುಸ್ತಕಕ್ಕೆ ಬಳಸಿ. ಮುಚ್ಚಿಟ್ಟ ಪುಸ್ತಕದೊಳಗೆ ಬಿಸಿಲಿಲ್ಲ.