ಟ್ರಕ್ಕಿನ ಬೆಡ್‌ಗೆ ಯಾವ ಹೊದಿಕೆ?

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇನೆ. 5.5 ಅಡಿ ಬೆಡ್‌ನ ಫೋರ್ಡ್ ಎಫ್-150 ಪಿಕಪ್ ಟ್ರಕ್ ಕೊಂಡಿದ್ದೇನೆ (ಬೆಡ್ ಎಂದರೆ ಹಿಂಬದಿಯ ತೆರೆದ ಸಾಮಾನು ಜಾಗ). ಟ್ರಕ್ ಕ್ಯಾಪ್ ಹಾಕಿಸಲೇ, ಬೆಡ್ಡನ್ನು ಚಪ್ಪಟೆಯಾಗಿ ಮುಚ್ಚುವ ಟೊನೊ ಕವರ್ ಸಾಕೇ? ವಾರದ ದಿನಸಿ, ಆಗಾಗ ಪೀಠೋಪಕರಣ ಸಾಗಿಸುತ್ತೇನೆ. ಬೇಸಿಗೆಯಲ್ಲಿ ಕ್ಯಾಂಪಿಂಗ್ ಹೋಗುವ ಆಸೆಯೂ ಇದೆ.

ಉತ್ತರ: ಪೀಠೋಪಕರಣ ಎಂದಿರಲ್ಲ, ನನಗೆ ಅಷ್ಟು ಸಾಕು. ಮಡಚುವ ಗಟ್ಟಿ ಟೊನೊ ಕವರ್ ತೆಗೆದುಕೊಳ್ಳಿ. ಬೀರು ನಿಲ್ಲಿಸಬೇಕಾದಾಗ ಕ್ಯಾಬಿನ್ ಕಡೆಗೆ ಮಡಚಿದರಾಯಿತು. ಕ್ಯಾಪ್ ಎಂದರೆ ಕ್ಯಾಬಿನ್ನಿನ ಎತ್ತರಕ್ಕೆ ಕೂರುವ ಛಾವಣಿ. ಫೈಬರ್‌ಗ್ಲಾಸಿನದನ್ನು ಇಳಿಸಲು ಇನ್ನೊಬ್ಬರ ಕೈ ಬೇಕು, ಇಳಿಸಿದ ಮೇಲೆ ಇಡಲು ಜಾಗವೂ ಬೇಕು.

ವಿನೈಲ್ ಬಟ್ಟೆಯ ಕವರನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅದು ನಿಮ್ಮಲ್ಲಿಯ ಹಿಮದ ಭಾರಕ್ಕೆ ಜೋತುಬೀಳುತ್ತದೆ, ಕಳ್ಳನ ಚಾಕುವಿಗೂ ತಡೆಯಾಗದು. ಗಟ್ಟಿ ಕವರಿನಲ್ಲೂ ಟೇಲ್‌ಗೇಟಿನ (ಬೆಡ್ಡಿನ ಹಿಂಬಾಗಿಲಿನ) ಸಂದಿಯಿಂದ ನೀರು ಒಸರಬಹುದು. ಅಲ್ಲಿಗೆ ರಬ್ಬರ್ ಪಟ್ಟಿ ಅಂಟಿಸಿ, ಅಕ್ಕಿ ಚೀಲವನ್ನು ಮುಂದಕ್ಕೆ ಸರಿಸಿಡಿ. ಕ್ಯಾಂಪಿಂಗ್‌ಗೆ ಗುಡಾರ ಒಯ್ಯಿರಿ: 5.5 ಅಡಿಯಲ್ಲಿ ನೀವು ಕಾಲು ಚಾಚಿ ಮಲಗುವುದು ಕಷ್ಟ.